ಮಗ ಎಂಬಿಬಿಎಸ್ ಓದ್ತಿದ್ದಾನಾ? ಊರಿಗೆ ಕರೆಯುವ ಮುನ್ನ ಹಾಜರಿ ಲೆಕ್ಕ ಕೇಳಿ

ಗುಡೂರು: ‘ಒಂದ್ ನಾಕ್ ದಿನ ರಜಾ ಹಾಕಿ ಬಾರಪ್ಪ, ಡಾಕ್ಟ್ರ ಆದ್ಮ್ಯಾಲ ಎಲ್ಲಿ ಬರ್ತಿ?’ ಮೆಡಿಕಲ್ ಓದುವ ಮಕ್ಕಳಿರುವ ಮನೆಗಳಲ್ಲಿ ಮದುವೆ, ಜಾತ್ರೆ ಬಂದಾಗ ಈ ಮಾತು ಬಂದೇ ಬರುತ್ತದೆ. ಪ್ರೀತಿಯ ಮಾತೇ. ಆದರೆ ಎಂಬಿಬಿಎಸ್ ಕೋರ್ಸಿನ ನಿಯಮ ಗೊತ್ತಿಲ್ಲದಿದ್ದರೆ ಈ ನಾಲ್ಕು ದಿನ ಮಕ್ಕಳಿಗೆ ದುಬಾರಿಯಾಗಬಹುದು.

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಇರಲಿ, ಹುಬ್ಬಳ್ಳಿ, ವಿಜಯಪುರದ ಕಾಲೇಜುಗಳಿರಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಎಲ್ಲ ಕಡೆ ಒಂದೇ. ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಪಿಯುಸಿಯಂತೆ ಕೊನೆಯ ಎರಡು ತಿಂಗಳು ಕೂತು ಓದಿ ಪಾಸಾಗುವ ಕೋರ್ಸ್ ಇದಲ್ಲ.

ಹಾಜರಿ ಲೆಕ್ಕ ಹೀಗಿದೆ

ಪರೀಕ್ಷೆಗೆ ಕೂರಬೇಕಾದರೆ ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್ ಮತ್ತು ಕ್ಲಿನಿಕ್‌ನಲ್ಲಿ ಶೇ. 80 ಹಾಜರಿ ಬೇಕು. ಉದಾಹರಣೆಗೆ, ಆಸ್ಪತ್ರೆಯ ಒಂದು ವಿಭಾಗದಲ್ಲಿ ನಾಲ್ಕು ವಾರ, ಅಂದರೆ 24 ದಿನದ ಪೋಸ್ಟಿಂಗ್ ಇದೆ ಅಂದುಕೊಳ್ಳಿ. ತಪ್ಪಿಸಬಹುದಾದದ್ದು ನಾಲ್ಕೇ ದಿನ. ಮದುವೆಗೆ ಮೂರು ದಿನ, ಆಮೇಲೆ ಜ್ವರ ಬಂದು ಎರಡು ದಿನ ಹೋದರೆ ಹಾಜರಿ ಶೇ. 80ಕ್ಕಿಂತ ಕೆಳಗೆ ಇಳಿಯುತ್ತದೆ.

ಇದರ ಜತೆಗೆ ವರ್ಷವಿಡೀ ಇಂಟರ್ನಲ್ ಪರೀಕ್ಷೆಗಳು ನಡೆಯುತ್ತವೆ. ಅದರಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡೂ ಸೇರಿ ಶೇ. 50, ಬಿಡಿಬಿಡಿಯಾಗಿ ಕನಿಷ್ಠ ಶೇ. 40 ಅಂಕ ಬರಬೇಕು.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ವಿಷಯಗಳಿರುತ್ತವೆ. ಇವು ಪಾಸಾಗದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. 2023ರ ನಿಯಮದ ಪ್ರಕಾರ ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ. ಇಡೀ ಕೋರ್ಸನ್ನು 9 ವರ್ಷದೊಳಗೆ ಮುಗಿಸಬೇಕು.

ಓದೊಂದೇ ಅಲ್ಲ

ತರಗತಿ, ವಾರ್ಡು, ಲ್ಯಾಬ್ ಜತೆಗೆ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು, ಅವರ ಮನೆಗೆ ಹೋಗಿ ಆರೋಗ್ಯ ವಿಚಾರಿಸುವ ಕೆಲಸವೂ ಪಠ್ಯದಲ್ಲೇ ಇದೆ. ಇಂಟರ್ನ್‌ಶಿಪ್ ಬಂದರೆ ರಾತ್ರಿ ಡ್ಯೂಟಿ ಮಾಡಿಕೊಂಡೇ ನೀಟ್ ಪಿಜಿಗೂ ಓದಬೇಕು.

ಇಷ್ಟರ ನಡುವೆ ಊರಿನಿಂದ ಫೋನು. ‘ಸಕ್ಕರಿ ರಿಪೋರ್ಟ್ ವಾಟ್ಸಾಪ್ ಮಾಡೇನಿ, ಯಾವ ಗುಳಿಗಿ ತಗೋಬೇಕು ಹೇಳು’ ಎಂದು ಮೊದಲ ವರ್ಷದ ಹುಡುಗಿಯನ್ನು ಕೇಳುವವರಿದ್ದಾರೆ. ಓದುತ್ತಿರುವ ವಿದ್ಯಾರ್ಥಿ ಔಷಧ ಬರೆದುಕೊಡುವಂತಿಲ್ಲ. ಅವರ ಮಾತು ನಂಬಿ ಗುಳಿಗಿ ತಗೊಂಡರೆ ನಿಮಗೂ ಅಪಾಯ, ಅವರಿಗೂ ತೊಂದರೆ. ಸರ್ಕಾರಿ ಆಸ್ಪತ್ರೆ ಡಾಕ್ಟರಿಗೆ ತೋರಿಸುವುದೇ ಸರಿ.

ಮನಸ್ಸಿನ ಭಾರ

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ 2024ರ ವರದಿಗಾಗಿ ನಡೆದ ಸಮೀಕ್ಷೆಯಲ್ಲಿ 25,590 ಎಂಬಿಬಿಎಸ್ ವಿದ್ಯಾರ್ಥಿಗಳು ಉತ್ತರಿಸಿದ್ದರು. ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಎಂದು ಹೇಳಿಕೊಂಡಿದ್ದಾರೆ. ಅಂದರೆ ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರು. ಊರಿಗೇ ಮೊದಲ ಸ್ಥಾನ ಬಂದ ಹುಡುಗ ಅಲ್ಲಿ ಮೊದಲ ಇಂಟರ್ನಲ್‌ನಲ್ಲೇ ಫೇಲಾಗಬಹುದು. ಅದನ್ನು ಮನೆಯಲ್ಲಿ ಹೇಳೋಕೆ ನಾಚಿಕೆ. ‘ಇಷ್ಟು ರೊಕ್ಕ ಸುರಿದೀವಿ’ ಎಂಬ ಮಾತು ಆಗ ಬಂದರೆ ಮುಂದೆ ಅವನು ಏನನ್ನೂ ಹೇಳುವುದಿಲ್ಲ.

ಊಟ, ನಿದ್ದೆ ಬಿಟ್ಟಿದ್ದರೆ, ಫೋನ್ ಎತ್ತುವುದು ಕಡಿಮೆಯಾಗಿದ್ದರೆ, ‘ಬದುಕೋದೇ ಬ್ಯಾಡ’ ಅನ್ನುವ ಮಾತು ಬಂದರೆ ತಡ ಮಾಡದೆ ಹೋಗಿ ಭೇಟಿಯಾಗಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮನೆಯವರು ಏನು ಮಾಡಬಹುದು?

* ವರ್ಷದ ಆರಂಭದಲ್ಲೇ ಕಾಲೇಜಿನ ವೇಳಾಪಟ್ಟಿ ತರಿಸಿಕೊಂಡು ಇಂಟರ್ನಲ್, ಪರೀಕ್ಷೆ ದಿನಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
* ಮನೆಯ ಮದುವೆ ಮುಹೂರ್ತ ನೋಡುವಾಗ ಆ ಕ್ಯಾಲೆಂಡರನ್ನೂ ನೋಡಿ. ಬನಶಂಕರಿ ಜಾತ್ರೆಗೆ ಭಾನುವಾರ ಒಂದು ದಿನ ಬಂದು ಹೋದರೆ ಸಾಕು.
* ರಜೆಯಲ್ಲಿ ಬಂದವರನ್ನು ಇಡೀ ದಿನ ಗಲ್ಲೆ ಮೇಲೆ ಕೂರಿಸಬೇಡಿ. ಮದುವೆ ಸೀಸನ್‌ನಲ್ಲಿ ಸೀರೆ ಅಂಗಡಿಗೆ ಕೈ ಬೇಕೇ ಬೇಕು, ನಿಜ. ಆದರೆ ಎರಡು ತಾಸು ಅಂತ ಮೊದಲೇ ಮಾತಾಡಿಕೊಳ್ಳಿ.
* ಫೋನಿಗೆ ದಿನಕ್ಕೊಂದು ಹೊತ್ತು ಗೊತ್ತು ಮಾಡಿ. ಮೊದಲು ಊಟ, ನಿದ್ದೆ ಕೇಳಿ. ಮಾರ್ಕ್ಸ್ ಆಮೇಲೆ.

ವಿದ್ಯಾರ್ಥಿಗಳಿಗೆ

ಅವತ್ತಿನ ಪಾಠ ಅವತ್ತೇ ಒಂದು ತಾಸು ನೋಡಿ. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿ, ವಾರ ಬಿಟ್ಟು ಮತ್ತೆ ಬರೆಯಿರಿ. ಬರೀ ತಿರುಗಿಸಿ ಓದುವುದಕ್ಕಿಂತ ಇದು ಹೆಚ್ಚು ದಿನ ತಲೆಯಲ್ಲಿ ನಿಲ್ಲುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ತಪ್ಪಿಸಬಹುದಾದ ದಿನಗಳ ಲೆಕ್ಕ ನಿಮ್ಮ ಬಳಿಯೇ ಇರಲಿ, ಕಾಯಿಲೆಗೆಂದು ಅದರಲ್ಲಿ ಒಂದೆರಡು ದಿನ ಉಳಿಸಿಕೊಳ್ಳಿ. ಮನೆಯಿಂದ ಕರೆ ಬಂದಾಗ ಬರೀ ‘ಆಗಲ್ಲ’ ಎನ್ನುವ ಬದಲು ಆ ಲೆಕ್ಕವನ್ನೇ ಹೇಳಿ. ಅಂಗಡಿ ನಡೆಸುವ ಮನೆಗೆ ಲೆಕ್ಕ ಬೇಗ ಅರ್ಥವಾಗುತ್ತದೆ.