ಗಾದೆಯ ಬಾಳಿಕೆ: ಗಡಿನಾಡಿನ ಔರಾದದಿಂದ ಕೆಲವು ಟಿಪ್ಪಣಿಗಳು

ಕರ್ನಾಟಕದ ಉತ್ತರ ತುದಿಯಲ್ಲಿರುವ ಔರಾದ ತಾಲ್ಲೂಕಿನ ಜನಜೀವನದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಗಾದೆಗಳು ನೆನಪಿನಲ್ಲಿ ಏಕೆ ಉಳಿಯುತ್ತವೆ ಎಂಬ ಪ್ರಶ್ನೆಗೆ ಇಂಥ ನೆಲವೇ ಒರೆಗಲ್ಲು. ಅರ್ಥ ಒಂದೇ ಆಗಿದ್ದು ನುಡಿ ಬೇರೆಯಾದಾಗ ಯಾವುದು ಗಡಿ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದನ್ನು ಇಲ್ಲಿ ಎದುರುಬದುರಾಗಿಟ್ಟು ನೋಡಬಹುದು.

ತನ್ನ ಅಸಾಮರ್ಥ್ಯಕ್ಕೆ ಬೇರೊಂದನ್ನು ದೂರುವವರ ಕುರಿತ ಗಾದೆಯನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’. ಮರಾಠಿಯಲ್ಲಿ ‘ನಾಚತಾ ಯೇಈನಾ ಅಂಗಣ ವಾಕಡೇ’. ಉರ್ದುವಿನಲ್ಲಿ ‘ನಾಚ್ ನ ಜಾನೇ ಆಂಗನ್ ಟೇಢಾ’. ಮೂರರಲ್ಲಿಯೂ ಡೊಂಕಾದದ್ದು ಕಾಲಡಿಯ ನೆಲ. ತೆಲುಗಿನಲ್ಲಿ ಮಾತ್ರ ‘ಆಡಲೇಕ ಮದ್ದೆಲ ಓಡು’ ಎಂದು ದೂರು ಮದ್ದಳೆಯ ಮೇಲೆ ಬೀಳುತ್ತದೆ. ಒಡಕು ಎಂಬ ಅರ್ಥದ ‘ಓಡು’ ಶಬ್ದವು ‘ಆಡ’ ಎಂಬುದರೊಡನೆ ಎರಡನೆಯ ಅಕ್ಷರದಲ್ಲಿ ಪ್ರಾಸಗೂಡುತ್ತದೆ. ಒಡಕು ಸಲ್ಲುವುದು ಮದ್ದಳೆಗೆ, ಅಂಗಳಕ್ಕಲ್ಲ. ಪ್ರಾಸವೇ ಇಲ್ಲಿ ವಸ್ತುವನ್ನು ಆರಿಸಿಕೊಂಡಿತೆಂಬುದು ನನ್ನ ಊಹೆ. ಕನ್ನಡ ರೂಪಕ್ಕೆ ಅಂಥ ಪ್ರಾಸದ ಬಲವಿಲ್ಲ. ಅದನ್ನು ಹಿಡಿದಿಟ್ಟಿರುವುದು ಚಿತ್ರ ಮತ್ತು ‘ಅಂತೆ’. ಕೇಳಿದ ಸುದ್ದಿಯನ್ನು ಸೂಚಿಸುವ ಈ ರೂಪವು ಆಡಿದವರನ್ನು ಹೊಣೆಯಿಂದ ಬಿಡಿಸುತ್ತದೆ: ಎದುರಿಗಿದ್ದವರನ್ನು ಚುಚ್ಚಿಯೂ ಚುಚ್ಚಲಿಲ್ಲ ಎನ್ನಬಹುದು. ಬಳಸಲು ಅಪಾಯವಿಲ್ಲದ ಮಾತು ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಸ್ಮೃತಿಯ ಚರ್ಚೆಯಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಪ್ರಾಸದ ವಿಷಯ ಹಳೆಯದು. 9ನೆಯ ಶತಮಾನದ ಕವಿರಾಜಮಾರ್ಗವೇ ಅದನ್ನು ಚರ್ಚಿಸಿದೆ. ‘ಕೆಸರು–ಮೊಸರು’, ‘ವೇದ–ಗಾದೆ’ ಜೋಡಿಗಳಲ್ಲಿ ದ್ವಿತೀಯಾಕ್ಷರ ಪ್ರಾಸ ಸ್ಪಷ್ಟ. ಧ್ವನಿ, ಅರ್ಥ, ಚಿತ್ರಗಳ ನಿರ್ಬಂಧಗಳು ಒಟ್ಟುಗೂಡಿ ಮೌಖಿಕ ಪಠ್ಯವನ್ನು ಸ್ಥಿರಗೊಳಿಸುತ್ತವೆಂದು ಡೇವಿಡ್ ರೂಬಿನ್ 1995ರಲ್ಲಿ ವಾದಿಸಿದರು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದು ಇದಕ್ಕೆ ತಕ್ಕ ನಿದರ್ಶನ. ‘ಹನಿ–ತೆನೆ’, ‘ಹಳ್ಳ–ಬಳ್ಳ’ ಎಂಬ ಎರಡು ಬೀಗಗಳು ಇದಕ್ಕಿವೆ. 1956ರ ಅಳತೆ–ತೂಕದ ಕಾಯಿದೆಯ ತರುವಾಯ ಬಳ್ಳ ವ್ಯವಹಾರದಿಂದ ಮರೆಯಾಯಿತು, ಆದರೆ ಗಾದೆಯೊಳಗೆ ಅದರ ಜಾಗದಲ್ಲಿ ‘ಕಿಲೋ’ ಕೂರದು. ಇದೇ ಆಶಯದ ಮರಾಠಿ ‘ಥೇಂಬೇ ಥೇಂಬೇ ತಳೇ ಸಾಚೇ’ ಅಂತ್ಯದ ಏಕಾರಗಳಿಂದ ಬಿಗಿದುಕೊಂಡಿದೆ. ಆಶಯ ಹಂಚಿಕೆಯಾಗಿದೆ, ಬೀಗ ಆಯಾ ಭಾಷೆಯದು.

ಪ್ರಾಸ ನೆನಪಿಗಷ್ಟೇ ನೆರವಾಗುವುದಿಲ್ಲ. ಪ್ರಾಸವುಳ್ಳ ಇಂಗ್ಲಿಷ್ ಸೂಕ್ತಿಗಳನ್ನು ಓದುಗರು ಅದೇ ಅರ್ಥದ ಪ್ರಾಸರಹಿತ ರೂಪಗಳಿಗಿಂತ ಹೆಚ್ಚು ನಿಜವೆಂದು ಎಣಿಸುತ್ತಾರೆಂದು ಮೆಕ್‌ಗ್ಲೋನ್ ಮತ್ತು ತೋಫಿಘ್‌ಬಕ್ಷ್ 2000ದಲ್ಲಿ ತೋರಿಸಿದರು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತು ತನ್ನ ಸತ್ಯವನ್ನು ಸಾರುವುದೂ ಪ್ರಾಸದ ಬಲದಿಂದಲೇ!

ಇಲ್ಲಿಂದ ಒಂದು ಸಂಪಾದನಾ ತೊಡಕು ಹುಟ್ಟುತ್ತದೆ. ‘ತಾಳಿದವನು ಬಾಳಿಯಾನು’ ಎಂಬಲ್ಲಿ ‘ಬಾಳಿಯಾನು’ ಸಂಭಾವನಾರ್ಥಕ ರೂಪ: ಬಾಳಬಹುದು ಎಂದಷ್ಟೇ ಅದರ ಭರವಸೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ‘ಮಾಡ್ಯಾನ’ ಎಂದರೆ ಮಾಡಿದ್ದಾನೆ. ಅದೇ ಮಾದರಿಯ ‘ಬಾಳ್ಯಾನ’ ಎಂದರೆ ಬಾಳಿದ್ದಾನೆ. ಕೊನೆಯ ಒಂದು ಸ್ವರದ ಮೇಲೆ ಭರವಸೆಯೋ ಸಾಕ್ಷ್ಯವೋ ಎಂಬ ನಿರ್ಣಯ ನಿಂತಿದೆ. ಗಾದೆಯನ್ನು ಶಿಷ್ಟರೂಪಕ್ಕೆ ತಿದ್ದಿ ಅಚ್ಚಿಸುವ ಸಂಗ್ರಹಕಾರನು ಈ ಸ್ವರವನ್ನು ಕೇಳಿದ್ದನೋ ಇಲ್ಲವೋ ಎಂಬುದು ಮುದ್ರಿತ ಪುಟದಿಂದ ತಿಳಿಯುವುದಿಲ್ಲ.