ಕಾರಿನೊಳಗೊಂದು ಊದುಗೊಳವೆ

ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದಿದ್ದ ಅಜ್ಜಿಯರಿಗೆ ಟರ್ಬೊ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೌದೆ ಅದೇ, ಒಲೆ ಅದೇ. ನಾಲ್ಕು ಸಲ ಉಸಿರುಕಟ್ಟಿ ಊದಿದರೆ ಅಲ್ಲಿಯವರೆಗೆ ಹೊಗೆಯಾಡುತ್ತಿದ್ದದ್ದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಕಮ್ಮಾರನ ಕುಲುಮೆಗೆ ತಿದಿ ಕಟ್ಟಿದ್ದೂ ಇದಕ್ಕೇ. ಕಾರಿನ ಎಂಜಿನ್ನೂ ಒಂದು ಒಲೆಯೇ. ಅದಕ್ಕೆ ಗಾಳಿ ಊದುವ ಸಾಧನದ ಹೆಸರು ಟರ್ಬೊಚಾರ್ಜರ್.

ಎಂಜಿನ್ ಕುಡಿಯುವುದು ಪೆಟ್ರೋಲನ್ನು ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಕುಡಿಯುವುದು ಗಾಳಿಯನ್ನು, ಪೆಟ್ರೋಲು ಅದರ ಜೊತೆಗೆ ನೆಂಚಿಕೊಳ್ಳುವ ಉಪ್ಪಿನಕಾಯಿ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. "ಗಾಳಿಗೂ ತೂಕ ಇರುತ್ತಾ?" ಎಂದು ಮಕ್ಕಳು ಕೇಳುತ್ತಾರೆ. ಇರುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. ನಿಮ್ಮ ಮನೆಯ ಮಾಳಿಗೆಯ ಮೇಲೆ ಕರಿ ಬಣ್ಣದ ಸಾವಿರ ಲೀಟರಿನ ನೀರಿನ ಟ್ಯಾಂಕು ಇದೆಯಲ್ಲ, ಅಂಥ ಒಂಬತ್ತು ಟ್ಯಾಂಕು!

ಪೆಟ್ರೋಲನ್ನು ಬೇಕಾದಷ್ಟು ಚಿಮ್ಮಿಸಬಹುದು, ಅದು ಕಷ್ಟವಲ್ಲ. ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಸಾಧಾರಣ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ, ಎಳನೀರಿಗೆ ಕೊಳವೆ ಹಾಕಿ ಹೀರಿದ ಹಾಗೆ. ಹೊರಗಿನ ಗಾಳಿಯ ಒತ್ತಡ ಎಷ್ಟಿದೆಯೋ ಅಷ್ಟೇ ಸಿಗುವುದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿ ಮಂಗಳೂರಿಗಿಂತ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ, ಅಂದರೆ 1,930 ಮೀಟರಿನಲ್ಲಿ, ಐದರಲ್ಲಿ ಒಂದು ಪಾಲು ಕಡಿಮೆ. ಬೆಟ್ಟ ಹತ್ತುವಾಗ ನಾವು ಏದುಸಿರು ಬಿಡುತ್ತೇವೆ; ಪಾಪ, ಎಂಜಿನ್ನೂ ಅಷ್ಟೇ.

ಈ ಏದುಸಿರಿಗೆ ಮದ್ದು ಕಂಡುಹಿಡಿದದ್ದು ಆಲ್ಫ್ರೆಡ್ ಬೂಖಿ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರ್. ಸೈಲೆನ್ಸರಿನಿಂದ ಹೊರಗೆ ಹೋಗುವ ಬಿಸಿ ಹೊಗೆಯಲ್ಲಿ ಎಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆ ಎಂಬುದು ಅವನ ತಲೆ ಕೊರೆಯುತ್ತಿತ್ತು. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹಾಗೆಯೇ ಹೊಗೆಯೊಂದಿಗೆ ಹೋಗಿಬಿಡುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒಳಗೆ ದೂಡಿದರೆ? 1905ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದ. ಆದರೆ ಅಷ್ಟು ಬಿಸಿ ತಡೆಯುವ ಲೋಹ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಇಪ್ಪತ್ತು ವರ್ಷ ಅವನು ಪಟ್ಟು ಬಿಡಲಿಲ್ಲ. 1920ರ ದಶಕದಲ್ಲಿ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಎಂಜಿನ್ನುಗಳಿಗೆ ಅದನ್ನು ಜೋಡಿಸಿದಾಗ 1,750 ಅಶ್ವಶಕ್ತಿ ಇದ್ದದ್ದು 2,500ಕ್ಕೆ ಏರಿತು.

ನನಗೆ ಇದಕ್ಕಿಂತ ಇಷ್ಟವಾದ ಕತೆ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್‌ನದು. ಮೊದಲ ಮಹಾಯುದ್ಧದ ಕಾಲ. ಎತ್ತರಕ್ಕೆ ಏರಿದ ವಿಮಾನಗಳ ಎಂಜಿನ್ನು ಸೊರಗುತ್ತಿತ್ತು. ವಿಮಾನದಲ್ಲಿ ಕೂತು ಪರೀಕ್ಷೆ ಮಾಡುವುದು ಆಗದ ಮಾತು. ಹಾಗಾಗಿ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನೇ ಟ್ರಕ್ಕಿನ ಮೇಲೆ ಕಟ್ಟಿಕೊಂಡು 14,000 ಅಡಿಗೂ ಮಿಕ್ಕಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೋದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ 356! ಬೆಟ್ಟದ ಮೇಲಿದ್ದೇನೆ ಎಂಬುದನ್ನೇ ಎಂಜಿನ್ನು ಮರೆತಂತಾಯಿತು.

ಕಾರಿಗೆ ಬಂದದ್ದು ತಡವಾಗಿ, 1962ರಲ್ಲಿ. ಆಗ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿಗೆ ಪೆಟ್ರೋಲಿನ ಜೊತೆಗೆ ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನೂ ಬೇರೆ ಡಬ್ಬಿಯಲ್ಲಿ ತುಂಬಿಸಬೇಕಿತ್ತು, ಎಂಜಿನ್ನಿನ ಒಳಗಿನ ಕಾವು ತಗ್ಗಿಸಲು. ಜನ ತುಂಬಿಸಲು ಮರೆತರು. ಆ ಕಾರು ಬಹಳ ದಿನ ನಡೆಯಲಿಲ್ಲ. ದಿನ ಬಳಸುವ ಕಾರಿಗೂ ಟರ್ಬೊ ಒಗ್ಗುತ್ತದೆ ಎಂದು ತೋರಿಸಿದವರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಮುಖ್ಯ. ಅವರ 99 ಟರ್ಬೊ 1977ರಲ್ಲಿ ಪ್ರದರ್ಶನಕ್ಕೆ ಬಂತು. ಇವತ್ತು ಮರ್ಸಿಡಿಸ್ ಎಎಮ್‌ಜಿಯವರ ಎರಡೇ ಲೀಟರಿನ, ನಾಲ್ಕು ಸಿಲಿಂಡರಿನ ಒಂದು ಎಂಜಿನ್ನು 421 ಅಶ್ವಶಕ್ತಿ ಕೊಡುತ್ತದೆ. ನಮ್ಮೆಲ್ಲರ ಹಳೆಯ ಗೆಳೆಯ ಮಾರುತಿ 800ರದು ಸುಮಾರು 37. ಆ ಜರ್ಮನ್ ಎಂಜಿನ್ನನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೆಲಸಗಾರ ಜೋಡಿಸಿ ತನ್ನ ರುಜುವಿನ ಫಲಕ ಹಚ್ಚುತ್ತಾನೆ. ಇದು ನನಗೆ ಬಹಳ ಹಿಡಿಸಿದ ಪದ್ಧತಿ.

ಇಷ್ಟು ಶಕ್ತಿ ಬರುವಾಗ ಒಳಗೆ ಏನಾಗುತ್ತಿರುತ್ತದೆ ನೋಡಿ. ಅಡುಗೆಮನೆಯ ಮಿಕ್ಸಿ ನಿಮಿಷಕ್ಕೆ ಹೆಚ್ಚೆಂದರೆ ಇಪ್ಪತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಅದಕ್ಕೇ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಒಂದು ತುದಿಯ ಚಕ್ರಕ್ಕೆ 900 ಡಿಗ್ರಿ ದಾಟುವ ಹೊಗೆ ಬಡಿಯುತ್ತಿರುತ್ತದೆ. ರಾತ್ರಿ ಬಾನೆಟ್ ತೆರೆದರೆ ಅದರ ಹೊದಿಕೆ ಕೆಂಡದಂತೆ ಕಾಣುವುದುಂಟು. ಅದರಿಂದ ಒಂದು ಗೇಣಿನೊಳಗೇ ಇನ್ನೊಂದು ತುದಿಯ ಚಕ್ರ, ಅದು ತಂಪು ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ನಡುವೆ ಬೆರಳಿಗಿಂತ ತೆಳುವಾದ ದಂಡ. ಬಹುತೇಕ ಟರ್ಬೊಗಳಲ್ಲಿ ಈ ದಂಡಕ್ಕೆ ಗುಂಡುಗಳ ಬೇರಿಂಗ್ ಇರುವುದಿಲ್ಲ. ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ಅದು ತೇಲುತ್ತಾ ತಿರುಗುತ್ತದೆ.

ಇದನ್ನು ಓದಿದ ಮೇಲೆ ಟರ್ಬೊ ಕಾರಿನ ಜೀವ ಎಲ್ಲಿದೆ ಎಂದು ಊಹಿಸಬಹುದು. ಎಣ್ಣೆಯಲ್ಲಿ.

ಹಾಸನದ ನಮ್ಮ ಗ್ಯಾರೇಜಿಗೆ ಬಂದ ಒಂದು ಕಾರಿನ ವಿಷಯ ಹೇಳುತ್ತೇನೆ. ಸೆಕೆಂಡ್‌ಹ್ಯಾಂಡ್ ಕೊಂಡ, ಎರಡು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಮಗ, ಅವನ ತಂದೆ, ಆರನೇ ಕ್ಲಾಸಿನ ಮೊಮ್ಮಗಳು, ಮೂವರೂ ಬಂದಿದ್ದರು. ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತು ಹೊರಟರೆ ಸೈಲೆನ್ಸರಿನಿಂದ ನೀಲಿ ಹೊಗೆ. ಬೇರೆ ಕಡೆ ತೋರಿಸಿದ್ದರಂತೆ. ಟರ್ಬೊ ಹೋಗಿದೆ, ಬದಲಿಸಬೇಕು, ಲಕ್ಷ ದಾಟುತ್ತದೆ ಎಂದಿದ್ದರು. ತಾತನ ಮುಖ ಗಂಟಿಕ್ಕಿತ್ತು. "ಬೋರಿಗೆ ಹೊಸ ಮೋಟ್ರು ಇಳಿಸೋಣ ಅಂತ ಇಟ್ಕೊಂಡಿದ್ದ ದುಡ್ಡು ಕಣಪ್ಪ. ಇದ್ರ ಹೊಗೆ ನಿಲ್ಸೋಕೆ ಹಾಕ್ಬೇಕಾ?" ಎಂದರು. ಮಗ ಮಾತಾಡಲಿಲ್ಲ.

ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿದೆ, ಗಾಳಿ ಸಾಲದು. ನಿಲ್ಲದೆ ಬರುವ ದಟ್ಟ ಬಿಳಿ ಹೊಗೆಯಾದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. (ಚಳಿಯ ಬೆಳಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಹಬೆಗೆ ಹೆದರಬೇಡಿ, ಅದು ನಮ್ಮ ಬಾಯಿಂದ ಬರುವ ಹಬೆಯ ಹಾಗೆಯೇ.)

ಎಂಜಿನ್ನು ಪೂರ್ತಿ ಆರಿದ ಮೇಲೆ ಗಾಳಿಯ ಪೈಪು ಬಿಚ್ಚಿ ಟರ್ಬೊದ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದೆ. ಅಕ್ಕಪಕ್ಕಕ್ಕೆ ತುಸು ಆಡಿತು. ಎಣ್ಣೆಯ ಮೇಲೆ ತೇಲುವ ದಂಡ ಅಷ್ಟು ಆಡಲೇಬೇಕು. ಹಿಂದೆಮುಂದೆ ಎಳೆದರೆ ಆಟ ಕಾಣಲಿಲ್ಲ. ಚಕ್ರದ ರೆಕ್ಕೆಗಳಿಗೆ ಒಂದು ಗೀರೂ ಇಲ್ಲ. "ಅಂಕಲ್, ಇದು ಚೆನ್ನಾಗಿದೆಯಲ್ಲಾ, ಮತ್ತೆ ಹೊಗೆ ಯಾಕೆ?" ಎಂದಳು ಹುಡುಗಿ. ಸರಿಯಾದ ಪ್ರಶ್ನೆ.

ಟರ್ಬೊಗೆ ಎಣ್ಣೆ ಹೋಗುವುದು ಪಂಪಿನ ಒತ್ತಡದಿಂದ. ವಾಪಸ್ ಬರುವುದು ಮಾತ್ರ ತಾನಾಗಿ, ಇಳಿಜಾರಿನಲ್ಲಿ ನೀರು ಇಳಿದ ಹಾಗೆ. ಬಚ್ಚಲ ತೂತು ಕಟ್ಟಿಕೊಂಡರೆ ಏನಾಗುತ್ತದೆ? ನೀರು ಹೊಸಿಲು ದಾಟಿ ನಡುಮನೆಗೆ ಬರುತ್ತದೆ. ಆಗ ಹೊಸಿಲು ಸರಿಯಿಲ್ಲ ಎಂದು ಅದನ್ನು ಕಿತ್ತು ಬೇರೆ ಹಾಕಿಸಿದರೆ ಉಪಯೋಗವಿಲ್ಲ. ಎಣ್ಣೆ ಇಳಿಯುವ ಪೈಪನ್ನು ಬಿಚ್ಚಿದೆ. ಒಳಗೆ ಹುಣಸೆ ತೊಕ್ಕಿನಂತೆ ಕರ್ರಗೆ ಗಟ್ಟಿಯಾದ ಇಂಗಾಲ. ಕಿರುಬೆರಳು ತೂರಬೇಕಾದಲ್ಲಿ ಪೆನ್ಸಿಲ್ಲು ಕಷ್ಟದಲ್ಲಿ ಹೋಗುತ್ತಿತ್ತು. ಎಂಜಿನ್ನಿನ ಒಳಗಿನ ಹಬೆ ಹೊರಗೆ ಹೋಗುವ ಸಣ್ಣ ಕೊಳವೆಯೂ ಅರ್ಧ ಕಟ್ಟಿಕೊಂಡಿತ್ತು. ಇಳಿಯಲು ದಾರಿಯಿಲ್ಲದ ಎಣ್ಣೆ ದಂಡದ ಗುಂಟ ಹರಿದು ಹೊಗೆಯ ಕಡೆಗೆ ನುಗ್ಗುತ್ತಿತ್ತು. ಹೊಸ ಟರ್ಬೊ ಹಾಕಿದ್ದರೂ ಮಾರನೇ ದಿನ ಅದೇ ನೀಲಿ ಹೊಗೆ.

ಎರಡೂ ಪೈಪು ಶುದ್ಧಮಾಡಿ, ಹೊಸ ಗ್ಯಾಸ್ಕೆಟ್, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದೆ. ಮೊದಲಿಗಿಂತ ಹೆಚ್ಚು ಹೊಗೆ ಬಂತು! ತಾತ ನನ್ನ ಮುಖವನ್ನೇ ನೋಡಿದರು. "ಯಜಮಾನ್ರೇ, ಸೈಲೆನ್ಸರಿನಲ್ಲಿ ನಿಂತಿರೋ ಹಳೇ ಎಣ್ಣೆ ಸುಟ್ಟು ಹೋಗ್ಬೇಕು. ಬನ್ನಿ, ಒಂದು ಸುತ್ತು ಹೋಗಿ ಬರೋಣ" ಎಂದೆ. ಆಲೂರಿನ ಕಡೆ ಹೊರಟೆವು. ಹುಡುಗಿ ಹಿಂದಿನ ಗಾಜಿಗೆ ಮೂಗು ಒತ್ತಿ ಕೂತು "ಇದೆ... ಇನ್ನೂ ಇದೆ... ಕಡಿಮೆ ಆಯ್ತು" ಎಂದು ವರದಿ ಕೊಡುತ್ತಿದ್ದಳು. ವಾಪಸ್ ಬರುವ ಹೊತ್ತಿಗೆ ವರದಿ ಮಾಡಲು ಅವಳಿಗೆ ಏನೂ ಉಳಿದಿರಲಿಲ್ಲ. ತಾತ ಮಾತ್ರ ಐದು ನಿಮಿಷ ಐಡಲಿನಲ್ಲಿ ಬಿಡಿಸಿ, ಸೈಲೆನ್ಸರಿನ ಹಿಂದೆ ನಿಂತು ನೋಡಿದ ಮೇಲೆಯೇ ನಂಬಿದ್ದು.

ಎಣ್ಣೆ ಹೀಗೆ ಇದ್ದಿಲಾಗಲು ಎರಡು ಕಾರಣ. ಒಂದು, ವರ್ಷಗಟ್ಟಲೆ ಬದಲಿಸದೆ ಓಡಿಸುವುದು. ಇನ್ನೊಂದು ನಮ್ಮ ಕಡೆ ದಿನಾ ನೋಡಸಿಗುತ್ತದೆ. ಶಿರಾಡಿ ಘಾಟಿಯನ್ನು ಜೋರಾಗಿ ಹತ್ತಿ ಬಂದು, ಸಕಲೇಶಪುರದ ಹೋಟೆಲಿನ ಮುಂದೆ ನಿಲ್ಲಿಸಿ, ಆ ಕ್ಷಣವೇ ಕೀ ತಿರುಗಿಸಿ ಕಾಫಿಗೆ ಇಳಿದುಬಿಡುವುದು. ಎಂಜಿನ್ನು ನಿಂತರೆ ಆಯಿಲ್ ಪಂಪೂ ನಿಂತಿತು. ಕೆಂಡದಂತಿರುವ ಟರ್ಬೊದೊಳಗೆ ಸಿಕ್ಕಿಕೊಂಡ ಎಣ್ಣೆ ಕಾದ ಬಾಣಲೆಯಲ್ಲಿ ಮರೆತುಬಿಟ್ಟ ಒಗ್ಗರಣೆಯಂತೆ ಸೀಯುತ್ತದೆ. ಆದ್ದರಿಂದ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ. ಆಗದಿದ್ದರೆ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ನು ಓಡಲಿ. ಊರೊಳಗೆ ನಿಧಾನವಾಗಿ ಓಡಿಸಿ ಬಂದವರಿಗೆ ಇದರ ಅಗತ್ಯವಿಲ್ಲ. ಈಗಿನ ಹಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಸಣ್ಣ ವಿದ್ಯುತ್ ಪಂಪು ಟರ್ಬೊ ಸುತ್ತ ನೀರು ಹರಿಸುತ್ತಿರುತ್ತದೆ. "ಗಾಡಿ ನಿಂತ ಮೇಲೂ ಗುಂಯ್ ಅಂತಿದೆ, ಕೆಟ್ಟಿದೆ" ಎಂದು ಗಾಬರಿಯಾಗಿ ಬರುವವರಿದ್ದಾರೆ. ಅದು ಕೆಟ್ಟಿದ್ದಲ್ಲ, ಒಳ್ಳೆಯದೇ.

ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗುರ್ರೆನ್ನಿಸುವುದು ಇನ್ನೊಂದು ಕೆಟ್ಟ ಚಟ. ತಣ್ಣಗಿನ ಎಣ್ಣೆ ಮಂದವಾಗಿರುತ್ತದೆ, ಮೊದಲ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ ಹೋಗಿ. ಎಣ್ಣೆಯ ದರ್ಜೆ ಕಾರಿನ ಕೈಪಿಡಿಯಲ್ಲಿ ಬರೆದದ್ದೇ ಇರಲಿ. ಹಲವು ಕೈಪಿಡಿಗಳು 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಜೋರಾಗಿ ಓಡಿಸುವವರಿಗೆ ನನ್ನ ಲೆಕ್ಕ ಅದರ ಅರ್ಧ. ಇದನ್ನು ಕೇಳಿ ಕೆಲವರು ನಾನು ವ್ಯಾಪಾರ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಗಾಳಿಯ ವಿಷಯ ಮರೆಯುವಂತಿಲ್ಲ. ಸೈಕಲ್ಲಿಗೆ ಪಂಪು ಹೊಡೆಯುವಾಗ ಪಂಪಿನ ತುದಿ ಮುಟ್ಟಿದ್ದೀರಾ? ಬಿಸಿಯಾಗಿರುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಟರ್ಬೊ ಒತ್ತಡವನ್ನು ಎರಡು ಪಟ್ಟು ಮಾಡಿದರೆ ಗಾಳಿ ನೂರು ಡಿಗ್ರಿ ದಾಟುತ್ತದೆ. ಅದನ್ನು ತಣಿಸಲು ಕಾರಿನ ಮುಂಭಾಗದಲ್ಲಿ ರೇಡಿಯೇಟರಿನಂಥದೇ ಇಂಟರ್‌ಕೂಲರ್ ಇರುತ್ತದೆ. ಅದರ ಮೇಲೆ ಕೆಸರು ಮೆತ್ತಿರಬಾರದು, ಪೈಪುಗಳು ಬಿರುಕು ಬಿಟ್ಟಿರಬಾರದು. ಏರ್ ಫಿಲ್ಟರ್ ಹರಿದಿದ್ದರೆ ಒಂದು ಸಣ್ಣ ಕಲ್ಲಿನ ಚೂರು ಸಾಕು, ಎರಡು ಲಕ್ಷ ಸುತ್ತಿನಲ್ಲಿ ತಿರುಗುವ ರೆಕ್ಕೆಗೆ ಅದು ಗುಂಡೇಟು.

ಇನ್ನು ಪೆಟ್ರೋಲು. ಒತ್ತಡ, ಕಾವು ಎರಡೂ ಹೆಚ್ಚಾದರೆ ಸಿಲಿಂಡರಿನ ಮೂಲೆಯಲ್ಲಿ ಉಳಿದ ಪೆಟ್ರೋಲು ಸರದಿಗೆ ಕಾಯದೆ ಪಟಾಕಿಯಂತೆ ಒಡೆಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತೇವೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು. ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ 91 ಅಥವಾ 95 ಎಂಬಂಥ ಸಂಖ್ಯೆ ಇದ್ದರೆ ಅದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ಮೇಲಿನ ಗೇರಿನಲ್ಲಿ ಕುಂಟುತ್ತಾ ಹೋಗುವಾಗ ಆಕ್ಸಿಲರೇಟರನ್ನು ಒಮ್ಮೆಲೇ ತುಳಿಯುವುದೂ ಬೇಡ, ಗೇರು ಇಳಿಸಿ.

ಮಕ್ಕಳಿಗೂ ಒಂದು ಕೆಲಸ ಇದೆ. ದೊಡ್ಡವರು ಜೊತೆಗಿದ್ದು, ಎಂಜಿನ್ನು ಆರಿದ್ದಾಗ, ಆಯಿಲ್ ಕಡ್ಡಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಬಿಸಿ ರೇಡಿಯೇಟರಿನ ಮುಚ್ಚಳದ ತಂಟೆಗೆ ಮಾತ್ರ ಯಾರೂ ಹೋಗಬಾರದು. ಮತ್ತೆ ಕಿವಿ ಕೊಡಿ. ವೇಗ ಹೆಚ್ಚುವಾಗ ಸಣ್ಣಗೆ ಸಿಳ್ಳೆ ಕೇಳಿದರೆ ಅದು ಟರ್ಬೊದ ಸಹಜ ದನಿ. ಆ ಸಿಳ್ಳೆ ಒಂದು ದಿನ ಇದ್ದಕ್ಕಿದ್ದಂತೆ ಆಂಬುಲೆನ್ಸಿನ ಸೈರನ್ನಿನ ಹಾಗೆ ಊಳಿಟ್ಟರೆ, ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಅವತ್ತು ಒಂದು ನಿಮಿಷ ಐಡಲಿನಲ್ಲಿ ಬಿಡುವ ಮಾತೇ ಇಲ್ಲ.