ಕೊಳವೆಬಾವಿ: ಅಡಿಯ ದರವಷ್ಟೇ ಲೆಕ್ಕವಲ್ಲ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಭಾಗದಲ್ಲಿ ಮನೆ ಕಟ್ಟಿಸುವ ವ್ಯಾಪಾರಸ್ಥರು ಸಿಮೆಂಟು, ಕಬ್ಬಿಣ, ಕೂಲಿಗಳ ಅಂದಾಜನ್ನು ಮೊದಲೇ ಬರೆದಿಡುತ್ತಾರೆ. ಕೊಳವೆಬಾವಿಯ ಅಂದಾಜು ಮಾತ್ರ ‘ಅಡಿಗೆ ಎಷ್ಟು?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ. ಅಂಗಡಿಯ ದುಡಿಯುವ ಬಂಡವಾಳವು ನೆಲದ ಪಾಲಾಗುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ನೆಲದ ಗುಣವನ್ನು ಅರಿಯಬೇಕು. ಶಹಾಬಾದ ಕಲ್ಲೆಂದು ಹೆಸರಾಗಿರುವುದು ಭೀಮಾ ಕೊಳ್ಳದ ಸುಣ್ಣಕಲ್ಲು. ವಾಡಿಯ ಸಿಮೆಂಟ್ ಉದ್ದಿಮೆಗೂ ಅದೇ ಆಧಾರ. ಈ ಕಲ್ಲು ಒತ್ತಾದುದು, ತನ್ನ ಮೈಯಲ್ಲಿ ನೀರನ್ನು ಹೆಚ್ಚು ಹಿಡಿದಿಡದು. ನೀರು ದೊರೆಯುವುದು ಪದರುಗಳ ಸಂದಿನಲ್ಲಿ, ಬಿರುಕುಗಳಲ್ಲಿ ಮತ್ತು ಸುಣ್ಣ ಕರಗಿ ಉಂಟಾದ ಪೊಟರೆಗಳಲ್ಲಿ. ಆದುದರಿಂದಲೇ ಒಂದು ಮನೆಗೆ ನೀರು ಬಂದು ನೆರೆಮನೆಯ ಬಾವಿ ಒಣಗಿರುವುದುಂಟು. ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಎರಡು ಪಟ್ಟು ಆಳವೆಂದರೆ ಎರಡು ಪಟ್ಟು ನೀರೆಂದಲ್ಲ.

ಆದರೆ ವೆಚ್ಚವು ಆಳಕ್ಕಿಂತ ವೇಗವಾಗಿ ಏರುತ್ತದೆ. ಲೆಕ್ಕಕ್ಕಾಗಿ ಒಂದು ಕಲ್ಪಿತ ದರವನ್ನು ತೆಗೆದುಕೊಳ್ಳೋಣ. ಮೊದಲ 300 ಅಡಿಗೆ ತಲಾ ರೂ. 100, ಮುಂದಿನ ನೂರು ಅಡಿಗೆ ತಲಾ ರೂ. 120, ನಂತರದ ನೂರಕ್ಕೆ ತಲಾ ರೂ. 140 ಎಂದಿರಲಿ. ಆಗ 300 ಅಡಿಗೆ ರೂ. 30,000, 500 ಅಡಿಗೆ ರೂ. 56,000. ಆಳ ಹೆಚ್ಚಿದ್ದು ಶೇ. 67, ಖರ್ಚು ಹೆಚ್ಚಿದ್ದು ಶೇ. 87. ಕೇಸಿಂಗ್ ಪೈಪು ಬೇರೆ. ನೀರಿನ ಮಟ್ಟ ಆಳವಾದಷ್ಟೂ ಹೆಚ್ಚು ಶಕ್ತಿಯ ಪಂಪು, ಉದ್ದದ ಕೇಬಲ್ಲು ಬೇಕು. ವಿದ್ಯುತ್ ಬಿಲ್ಲೂ ಪ್ರತಿ ತಿಂಗಳು ಏರುತ್ತದೆ.

ಇದೇ ದರದಲ್ಲಿ ಮೊದಲ ಬಾವಿ 500 ಅಡಿಗೆ ಒಣಗಿ, ಎರಡನೆಯದು 300 ಅಡಿಗೆ ನೀರು ಕೊಟ್ಟರೆ, ಆ ನೀರಿನ ನಿಜವಾದ ಬೆಲೆ ರೂ. 30,000 ಅಲ್ಲ, ರೂ. 86,000. ಆದುದರಿಂದ ಯಂತ್ರ ಬರುವ ಮೊದಲೇ ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ನಿಶ್ಚಯಿಸಬೇಕು. ‘ಇನ್ನೊಂದು ಐವತ್ತು ಅಡಿ’ ಎಂಬ ಮಾತಿಗೆ ಅಂದಾಜಿನಲ್ಲಿ ಸ್ಥಾನವಿರಬಾರದು. ಸುತ್ತಲಿನ ಬಾವಿಗಳಲ್ಲಿ ನೀರು ಬಂದ ಆಳ, ಬೇಸಿಗೆಯಲ್ಲಿ ಅವುಗಳ ಸ್ಥಿತಿ, ದರಪಟ್ಟಿಯ ಪ್ರತಿಯೊಂದು ಹಂತ, ಇವಿಷ್ಟನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.

ಮನೆಯ ಬಾವಿಯ ಖರ್ಚನ್ನು ವ್ಯಾಪಾರದ ಖರ್ಚಿಗೆ ಸೇರಿಸುವಂತಿಲ್ಲ. ಅದು ಮಾಲೀಕರ ಸ್ವಂತ ಖಾತೆಗೆ ಸೇರತಕ್ಕದ್ದು.

2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನಗಳ ಪ್ರಕಾರ ಕೊರೆಯುವ 15 ದಿನ ಮೊದಲು ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತ ಸೂಚನೆ ಕೊಡಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳುಗಳಿಂದ ತುಂಬಿಸಬೇಕು. ಮಕ್ಕಳ ಪ್ರಾಣದ ಪ್ರಶ್ನೆಯಾದ ಈ ವೆಚ್ಚವನ್ನೂ ಅಂದಾಜಿನಲ್ಲಿ ಸೇರಿಸುವುದು ಕರ್ತವ್ಯ.

ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರಾಗುತ್ತದೆ. ಕೊನೆಯ ನೂರು ಅಡಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮಳೆನೀರಿನ ತೊಟ್ಟಿಗೆ ತೆಗೆದಿಟ್ಟರೆ ಅದು ನಷ್ಟದ ಬಾಬತ್ತಾಗಲಾರದು.